ಏಳು ಸೀಟಿನ ಗಾಡಿಗೆ ಒಂದು ಕೊರತೆ

ಎಂಟು ತಿಂಗಳಿಂದ ರಾಮಲಿಂಗಪ್ಪ ಗಾಡಿ ನೋಡುತ್ತಿದ್ದ. ನೋಡುತ್ತಿದ್ದ, ಅಷ್ಟೇ. ಭಾನುವಾರ ಬೆಳಿಗ್ಗೆ ಪುಣೆಯ ನಿಗಡಿಯ ಮನೆ ಬಿಟ್ಟರೆ ಚಿಂಚವಾಡ, ಆಕುರ್ಡಿ, ವಾಕಡ ಎಂದು ಶೋರೂಮು ಶೋರೂಮು ತಿರುಗಿ, ಅಲ್ಲಿ ಕೊಡುವ ಪುಕ್ಕಟೆ ಚಹಾ ಕುಡಿದು, ಬಣ್ಣದ ಕಾಗದಗಳ ಕಟ್ಟು ಹಿಡಿದು ಮಧ್ಯಾಹ್ನದ ಊಟಕ್ಕೆ ವಾಪಸು. ಮನೆಯಲ್ಲಿ ಯಾವ ಗಾಡಿಯನ್ನೂ ಅದರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಚಿಂಚವಾಡದ್ದು’, ‘ಆಕುರ್ಡಿದ್ದು’, ‘ವಾಕಡದ್ದು’ ಎನ್ನುತ್ತಿದ್ದರು, ಕನ್ಯೆ ನೋಡಿ ಬಂದವರು ಊರಿನ ಹೆಸರು ಹೇಳಿದಂತೆ.

ಅವನ ನೌಕರಿಯೂ ಇಂಥದ್ದೇ. ಭೋಸರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಖರೀದಿ ಗುಮಾಸ್ತ. ಬೋಲ್ಟು ಕೊಳ್ಳಲಿ, ಕಸಬರಿಗೆ ಕೊಳ್ಳಲಿ, ಮೂರು ಕೊಟೇಶನ್ ತರಿಸಿ, ಗೆರೆ ಹೊಡೆದ ಹಾಳೆಯಲ್ಲಿ ಪ್ರತಿಯೊಂದರ ಮುಂದೆ ಒಂದು ಕೊರತೆ ಬರೆಯಬೇಕು. ಕೊರತೆ ಕಾಣಲಿಲ್ಲವೆಂದರೆ ಸರಿಯಾಗಿ ನೋಡಿಲ್ಲ ಎಂದು ಸಾಹೇಬರು ಹಾಳೆ ವಾಪಸು ಕಳಿಸುತ್ತಾರೆ. ಹಾಗಾಗಿ ಮನೆಯವರು ಮೊದಮೊದಲು ಇದೂ ಅವನ ಸ್ವಭಾವ ಎಂದು ಸುಮ್ಮನಿದ್ದರು. ಚಿಂಚವಾಡದ್ದು ನೆಲದಿಂದ ಭಾಳ ಎತ್ತರ, ಅವ್ವನ ಮೊಣಕಾಲಿಗೆ ಆಗದು. ಆಕುರ್ಡಿದ್ದರ ಸೀಟು ಅಗಲ ಸಾಲದು. ಅವ್ವ ಶಿವಬಸವ್ವ ಬಸ್ಸಿನಲ್ಲೂ ಚಪ್ಪಲಿ ಬಿಚ್ಚಿ ಚಕ್ಕಳಮಕ್ಕಳ ಹಾಕಿ ಕೂರುವ ಪೈಕಿ. ವಾಕಡದ್ದರಲ್ಲಿ ಏಳು ಮಂದಿ ಕೂತರೆ ರೊಟ್ಟಿ ಗಂಟಿಗೆ ಜಾಗವಿಲ್ಲ.

ಎಲ್ಲವೂ ಖರೆಯೇ. ಆದರೆ ಗಾಡಿ ಮನೆಗೆ ಬಾರದಿರಲು ಕಾರಣ ಬೇರೆ ಇತ್ತು. ಅದು ತನ್ನೊಬ್ಬನಿಗೇ ಗೊತ್ತು ಎಂದು ರಾಮಲಿಂಗಪ್ಪ ತಿಳಿದಿದ್ದ.

ತಮ್ಮ ಮಾಂತು ಕೊಂಢವಾದಲ್ಲಿ ಕಟ್ಟಡ ಕೆಲಸದ ಸೂಪರ್‌ವೈಸರ್. ನಿಗಡಿಯಿಂದ ಸ್ವಾರಗೇಟ, ಅಲ್ಲಿ ಬಸ್ಸು ಬದಲಿಸಿ ಕೊಂಢವಾ. ದಿನದ ನಾಲ್ಕು ತಾಸು ರಸ್ತೆಯಲ್ಲೇ ಹೋಗುತ್ತದೆ. ದೀಪಾವಳಿಯ ಮರುದಿನ ಅವನು ಅಣ್ಣನ ಮುಖ ನೋಡದೆ, ಗೋಡೆಯ ಕ್ಯಾಲೆಂಡರಿಗೆ ಹೇಳುವವನಂತೆ ಹೇಳಿದ್ದ: “ಅಣ್ಣಾ, ಕೊಂಢವಾದಾಗ ಒಂದು ಮನಿ ನೋಡೀನಿ. ಅವಸರ ಏನಿಲ್ಲ. ನೀ ಗಾಡಿ ತಗೋತೀನಿ ಅಂತೀಯಲ್ಲ, ಅದು ಬರ್ಲಿ. ಏಳೂ ಮಂದಿ ಕೂಡಿ ಅದರಾಗ ಸಿಂದಗಿಗೆ ಹೋಗಿ ಮನಿದೇವ್ರಿಗೆ ಕಾಯಿ ಒಡಿಸ್ಕೊಂಡು ಬರೂಣು. ಆಮ್ಯಾಲೆ ನಾವು ಹೋಗ್ತೀವಿ.”

ಅಂದಿನಿಂದ ರಾಮಲಿಂಗಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಪ್ಪ ತೀರಿಕೊಂಡಾಗ ಮಾಂತು ಏಳನೇ ಇಯತ್ತೆಯಲ್ಲಿ ಓದುತ್ತಿದ್ದ. ಅವನನ್ನು ಪುಣೆಗೆ ಕರೆತಂದು, ಓದಿಸಿ, ಐದು ವರ್ಷದ ಹಿಂದೆ ಮದುವೆ ಮಾಡಿದವನು ಇವನೇ. ಗಾಡಿ ಬಂದರೆ ತಮ್ಮ ಹೋಗುತ್ತಾನೆ, ಬಾರದಿದ್ದರೆ ಇರುತ್ತಾನೆ. ಹಾಗಾದರೆ ಗಾಡಿ ಬರುವುದು ಬೇಡ. ಕೊರತೆ ಹುಡುಕಲು ಅಳತೆಯ ಟೇಪು ಜೇಬು ಸೇರಿತು. ಬೆಳಗಿನ ಚಹಾ ಕಪ್ಪಿನಲ್ಲೇ ಆರತೊಡಗಿತು. ಕಂಡವರ ಗಾಡಿಯೊಳಗೆಲ್ಲ ಇಣುಕಿ ಒಮ್ಮೆ ಸಿಗ್ನಲ್ಲಿನಲ್ಲಿ ಡ್ರೈವರನೊಬ್ಬನಿಂದ ಬೈಸಿಕೊಂಡೂ ಬಂದ.

ಕಡೆಗೆ ಹೆಂಡತಿ ರಂಜನಾಳ ಸಹನೆ ತೀರಿತು. “ಈ ಐತವಾರ ಎಲ್ಲಾರೂ ಹೋಗೂದು. ಕುಂತು ನೋಡೂದು, ಮುಗಸೂದು. ಇನ್ನ ನನಗ ಸಾಕಾಗೇದ್ರಿ,” ಎಂದಳು.

ಮಕ್ಕಳಿಬ್ಬರನ್ನು ಟ್ಯೂಷನ್ನಿಗೆ ಅಟ್ಟಿ, ಉಳಿದ ಐವರೂ ರಾವೇತದ ಶೋರೂಮಿಗೆ ಹೋದರು. ರಾವೇತದ್ದು ನೆಲಕ್ಕೆ ಹತ್ತಿರ. ಅವ್ವ ಯಾರ ಕೈಯೂ ಹಿಡಿಯದೆ ಹತ್ತಿ, ಚಪ್ಪಲಿ ಬಿಚ್ಚಿ, ನಡುವಿನ ಸೀಟಿನಲ್ಲಿ ಕಾಲು ಮಡಚಿ ಕೂತು, “ನಾ ಇನ್ನ ಇಳಿಯೂದಿಲ್ಲ ನೋಡ್ರಿ,” ಎಂದುಬಿಟ್ಟಳು. ರೊಟ್ಟಿ ಗಂಟಿಗೂ ಧಾರಾಳ ಜಾಗ. ರಾಮಲಿಂಗಪ್ಪ ಟೇಪು, ಗೆರೆ ಹೊಡೆದ ಹಾಳೆ ಹಿಡಿದು ಸುತ್ತ ತಿರುಗಿದ, ಬರೆಯಲು ಒಂದು ಕೊರತೆಯೂ ಸಿಗಲಿಲ್ಲ.

ಒಂದು ಸುತ್ತು ಹಾಕಿ ನೋಡಲು ಮಾಂತು ಸ್ಟೇರಿಂಗ್ ಹಿಡಿದ. ಶೋರೂಮಿನ ಹುಡುಗಿ ನಿಖಿತಾ ರಾಮಲಿಂಗಪ್ಪನಿಗೆ ಮುಂದಿನ ಬಾಗಿಲು ತೆಗೆದು, “ಕಾಕಾ, ಪುಢೇ ಬಸಾ,” ಎಂದು ಮುಂದೆ ಕೂರಲು ಕರೆದಳು. ಮುಂದಿನ ಸೀಟು ಹೇಗೂ ಅವನದೇ. ಬಾಡಿಗೆ ಗಾಡಿಯಲ್ಲಿ ಊರಿಗೆ ಹೋಗುವಾಗೆಲ್ಲ ಹಿರಿಯ ಮಗನಾಗಿ ಅವನು ಮುಂದೆ, ಅವ್ವ, ರಂಜನಾ, ಮಕ್ಕಳು ನಡುವೆ, ಮಾಂತು ಮತ್ತು ಅವನ ಹೆಂಡತಿ ವಸಂತಿ ಚೀಲಗಳ ಸಂಗಡ ಹಿಂದೆ. ಇದನ್ನು ಯಾರೂ ಠರಾಯಿಸಿದ್ದಲ್ಲ, ನಡೆದುಬಂದದ್ದು.

ಇಂದು ಮಾತ್ರ ಅವನಿಗೆ ಹಿಂದಿನ ಸಾಲು ಬೇಕಾಗಿತ್ತು. ಕೊರತೆ ಇನ್ನೆಲ್ಲಿದ್ದೀತು? ಬಾಗಿ ಒಳಗೆ ತೂರಿದ. ಅಲ್ಲಿ ವಸಂತಿ ರೂಢಿಯಂತೆ ಆಗಲೇ ಮುದುಡಿ ಕೂತಿದ್ದಳು. ಗಂಡನ ಅಣ್ಣ ಪಕ್ಕದಲ್ಲಿ ಕೂರುವುದೆಂದರೇನು! ಗಡಬಡಿಸಿ ಎದ್ದವಳ ತಲೆ ಗಾಡಿಯ ಚಾವಣಿಗೆ ಬಡಿಯಿತು.

“ಭಾವಾರ, ನೀವ್ಯಾಕ್ರಿ ಇಲ್ಲಿ?”

“ಏನಿಲ್ಲವ್ವಾ, ಸ್ವಲ್ಪ ನೋಡೂದದ. ನೀ ಮುಂದ ಹೋಗು.”

ನಡುವೆ ಅವ್ವ, ರಂಜನಾ, ನಿಖಿತಾ ತುಂಬಿಕೊಂಡಿದ್ದರು. ಉಳಿದದ್ದು ಮುಂದಿನ ಸೀಟು ಒಂದೇ. ವಸಂತಿ ಅತ್ತೆಯ ಮುಖ ನೋಡಿದಳು, ಸೆರಗು ಸರಿಮಾಡಿಕೊಂಡು ಹೋಗಿ ಕೂತಳು.

ಗಾಡಿ ಹೊರಟಿತು. ಐದು ನಿಮಿಷದಲ್ಲಿ ರಾಮಲಿಂಗಪ್ಪನಿಗೆ ಬೇಕಾದ್ದು ಸಿಕ್ಕಿತು. ಮೊಣಕಾಲು ಎದೆಗೆ ಬರುತ್ತದೆ. ಕಿಟಕಿ ತೆರೆಯುವುದಿಲ್ಲ. ರಸ್ತೆಯ ಉಬ್ಬು ಬಂದಾಗ ಮುಂದಿನವರು ಅಲುಗುತ್ತಾರೆ, ಹಿಂದಿನವನು ಹಾರುತ್ತಾನೆ. ಹೊಟ್ಟೆಯೊಳಗೆ ತೊಳಸತೊಡಗಿತು. ಖುಷಿಯಿಂದ ಪೆನ್ಸಿಲು ತೆಗೆದು ಬರೆಯಹೊರಟ. ಅಷ್ಟರಲ್ಲಿ ಅವ್ವ ಏನೋ ಅಂದಳು, ಎಲ್ಲರೂ ನಕ್ಕರು.

“ಏನಂತ?” ಎಂದು ಕೇಳಿದ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿ ಕೇಳಿದ. ಯಾರೂ ತಿರುಗಲಿಲ್ಲ. ಅವನ ಕಣ್ಣಿಗೆ ಬರೀ ತಲೆಗಳ ಹಿಂಭಾಗ ಕಾಣುತ್ತಿತ್ತು.

ಮುಂದೆ ವಸಂತಿ ಗಾಜು ಇಳಿಸಿದ್ದಳು. ಗಾಳಿಗೆ ಕೂದಲು ಹಾರುತ್ತಿತ್ತು. ಅಂಗಡಿಗಳ ಮರಾಠಿ ಬೋರ್ಡು ಒಂದೊಂದಾಗಿ ಗಟ್ಟಿಯಾಗಿ ಓದುತ್ತ, “ಅಯ್ಯ, ಅಲ್ಲಿ ನೋಡ್ರಿ, ಅಷ್ಟು ದೊಡ್ಡ ಆಲದ ಗಿಡ!” ಎಂದು ಮಾಂತುವಿನ ತೋಳು ತಟ್ಟುತ್ತ, ತಿರುಗಿ ಅತ್ತೆಯನ್ನು ಮಾತಾಡಿಸುತ್ತಿದ್ದಳು. ಐದು ವರ್ಷದಲ್ಲಿ ರಾಮಲಿಂಗಪ್ಪ ಅವಳ ದನಿ ಇಷ್ಟು ಹೊತ್ತು ಕೇಳಿರಲಿಲ್ಲ. ‘ನಮ್ಮ ವಸಂತಿ ಮಾತು ಕಮ್ಮಿ, ಬಂಗಾರದಂಥಾ ಹುಡುಗಿ’ ಎಂದು ನೆಂಟರ ಮುಂದೆ ಹೊಗಳಿಕೊಂಡವನು ಅವನು. ಊರಿಗೆ ಹೋಗುವಾಗ ಸೋಲಾಪುರ ದಾಟುವಷ್ಟರಲ್ಲಿ ಪ್ರತಿಸಲವೂ ಅವಳು ವಾಂತಿ ಮಾಡಿಕೊಂಡಾಗ, ಹುಡುಗಿ ನಾಜೂಕು ಎಂದು ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ.

ಮನೆಯೂ ನೆನಪಾಯಿತು. ಅಡುಗೆಮನೆಯ ಹಿಂದಿನ ಸಣ್ಣ ಕೋಣೆ ಅವರಿಬ್ಬರದು. ಕೊನೆಯ ಪಂಕ್ತಿಯ ಊಟ ಅವಳದು. ಊರಿಗೆ ಯಾವಾಗ ಹೋಗುವುದು, ಟಿವಿಯಲ್ಲಿ ಏನು ನೋಡುವುದು, ಯಾವುದನ್ನೂ ಯಾರೂ ಅವಳನ್ನು ಕೇಳಿದ್ದಿಲ್ಲ. ನಾಲ್ಕು ತಾಸಿನ ಬಸ್ಸಿಗೆ ಬೇಸತ್ತು ತಮ್ಮ ಹೊರಟಿದ್ದಾನೆ ಎಂದು ಅವನು ನಂಬಿದ್ದ. ಬಸ್ಸು ಬರೀ ನೆಪವಿರಬೇಕು, ತಮ್ಮ ಹೊರಟದ್ದು ಹಿಂದಿನ ಸಾಲಿನ ಈ ಹುಡುಗಿಗಾಗಿ. ನಾಚಿಕೆಯಿಂದ ಹಾಳೆ ಮಡಚಿ ಜೇಬಿಗೆ ತುರುಕಿದ.

ಶೋರೂಮಿನ ಮುಂದೆ ಗಾಡಿ ನಿಂತಿತು. ನಿಖಿತಾ ಫಾರ್ಮು ತರಲು ಓಡಿದಳು. ಮಾಂತು ಅಣ್ಣನ ತೋಳು ಹಿಡಿದು ಗಾಡಿಯ ಹಿಂದಕ್ಕೆ ಕರೆದೊಯ್ದ. ಮೆಲ್ಲಗೆ ಹೇಳಿದ:

“ಅಣ್ಣಾ, ಇದರಾಗೂ ಏನರ ಕೊರತಿ ಇದ್ದೇ ಇರ್ತದ. ಇನ್ನೊಮ್ಮೆ ಚಲೋತ್ನ್ಯಾಗ ನೋಡು.”

ರಾಮಲಿಂಗಪ್ಪ ತಮ್ಮನ ಮುಖ ನೋಡಿದ. ಎಂಟು ತಿಂಗಳ ತನ್ನ ನಾಟಕ ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಅದರ ನೆರಳಲ್ಲೇ ಇವನೂ ದಿನ ದೂಡಿದ್ದ. ಒಂದು ಮಾತು ಅಂದರೆ ಸಾಕು, ಇನ್ನೂ ಎಂಟು ತಿಂಗಳು ತಮ್ಮ ಮನೆಯಲ್ಲೇ ಇರುತ್ತಾನೆ. ಆಚೆ ಎಲ್ಲರೂ ಇಳಿದಿದ್ದರೂ ವಸಂತಿ ಮಾತ್ರ ಮುಂದಿನ ಸೀಟಿನಲ್ಲೇ ಕೂತಿದ್ದಳು, ಕಿಟಕಿಯಿಂದ ಕೈ ಹೊರಗಿಟ್ಟು.

“ನೋಡೀನಪಾ,” ಎಂದ ರಾಮಲಿಂಗಪ್ಪ. “ಹಿಂದ ಕುಂತು ನೋಡೀನಿ. ಗಾಡ್ಯಾಗ ಏನೂ ಕೊರತಿ ಇಲ್ಲ.”

ಹೋಗಿ ನಿಖಿತಾಳ ಕೈಯಿಂದ ಪೆನ್ನು ಇಸಿದುಕೊಂಡು ಸಹಿ ಮಾಡಿದ.