ಎಡಗೈಯಲ್ಲಿ ಹಾಕಿದ ಕವಡೆ ಲೆಕ್ಕಕ್ಕಿಲ್ಲ

ಹೋದ ವರ್ಷ ಯುಗಾದಿ ಕಳೆದು ಬಂದ ಮೊದಲನೇ ಭಾನುವಾರ ನನ್ನ ಮಗ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡ. ಎಪ್ಪತ್ತು ದಾಟಿದ ಹೆಂಗಸಿನ ಕೈಯಿಂದ, ಮಣ್ಣು ತಿನ್ನುವ ಮಗುವಿನ ಕೈಯಿಂದ ಕಿತ್ತುಕೊಂಡ ಹಾಗೆ. ಅದು ನನಗೆ ಮರೆಯುವುದಿಲ್ಲ. ಅದರ ಬೆನ್ನಿಗೆ ಆದದ್ದು ಇನ್ನೂ ಮರೆಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿರುವುದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದುತ್ತೇನೆ, ದಪ್ಪಕ್ಷರದಲ್ಲಿ ಬರೆಯುತ್ತೇನೆ. ಒತ್ತು ದೀರ್ಘ ತಪ್ಪಿದ್ದನ್ನು ಸೊಸೆ ಮಂಜುಳ ತಿದ್ದಿದ್ದಾಳೆ. ಮಾತು ತಿದ್ದಬೇಡ ಅಂದಿದ್ದೇನೆ.

ನಮ್ಮದು ಕಿರುಗಾವಲು ಪಕ್ಕದ ಹಳ್ಳಿ. ಮಗ ಶಿವಲಿಂಗ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುತ್ತಾನೆ. ನನಗೆ ಇರುವವಳು ಒಬ್ಬಳೇ ತಂಗಿ, ಕೆಂಪಮ್ಮ. ಅವಳನ್ನು ಬಸರಾಳಿಗೆ ಕೊಟ್ಟಿದೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಆಡುತ್ತಿದ್ದುದು ಒಂದೇ ಆಟ, ಚೌಕಾಬಾರ. ಜಗಲಿಯ ಚಪ್ಪಡಿಯ ಮೇಲೆ ಯಾರೋ ಹಿಂದಿನವರು ಆಟದ ಮನೆ ಕೆತ್ತಿದ್ದರು. ನಾಲ್ಕು ಕವಡೆ. ಕಾಯಿಗೆ ನನ್ನದು ಹುಣಸೆ ಬೀಜ, ಅವಳದು ಬಳೆ ಚೂರು. ನಮ್ಮವ್ವ ಒಂದು ಕಾನೂನು ಮಾಡಿದ್ದಳು. ಕವಡೆಯನ್ನು ಬಲಗೈಯಲ್ಲೇ ಹಾಕಬೇಕು. ಉಣ್ಣುವ ಕೈಯಲ್ಲೇ ಆಡಬೇಕು. ಎಡಗೈಯಲ್ಲಿ ಹಾಕಿದ ಕವಡೆ ಲೆಕ್ಕಕ್ಕಿಲ್ಲ.

ಕೆಂಪಿಗೆ ಸೋಲು ಅಂದರೆ ಆಗುತ್ತಿರಲಿಲ್ಲ. ಒಂದು ಸಲ ಅವಳ ಕಾಯಿ ಹೊಡೆದೆ ಅಂತ ನನ್ನ ತೋಳು ಕಚ್ಚಿದಳು. ಗುರುತು ಈಗಲೂ ಇದೆ.

ಆ ಯುಗಾದಿಗೆ ಮುಂಚಿನ ದೀಪಾವಳಿಯಲ್ಲಿ ಅವಳಿಗೆ ಲಕ್ವ ಹೊಡೆಯಿತು. ಬಲಗಡೆಯ ಕೈ ಕಾಲು ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಕಾಲು ಅಷ್ಟೋ ಇಷ್ಟೋ ಬಂತು, ಕೋಲು ಹಿಡಿದು ನಡೆದಳು. ಕೈ ಮಾತ್ರ ಬರಲಿಲ್ಲ. ಡಾಕ್ಟರು ಒಂದು ಮೆತ್ತನೆ ಚೆಂಡು ಕೊಟ್ಟು, ದಿನಾ ಹಿಸುಕಮ್ಮ, ಬೆರಳಿಗೆ ಕೆಲಸ ಕೊಟ್ಟರೆ ಬರುತ್ತದೆ, ಕೊಡದಿದ್ದರೆ ಹಾಗೇ ನಿಂತುಹೋಗುತ್ತದೆ ಅಂದರು. ಇವಳು ಆ ಚೆಂಡನ್ನು ಎಡಗೈಯಲ್ಲಿ ಎತ್ತಿ ಗಂಡನ ತಲೆಗೆ ಎಸೆದಳು.

ನಾನು ಮಳವಳ್ಳಿಗೊಂದು ಬಸ್ಸು, ಮಂಡ್ಯಕ್ಕೊಂದು ಬಸ್ಸು, ಅಲ್ಲಿಂದ ಬಸರಾಳಿಗೊಂದು ಬಸ್ಸು ಹತ್ತಿ, ಮಂಡಿ ನೋವು ಕಟ್ಟಿಕೊಂಡು ನೋಡಲು ಹೋದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಮಾತಾಡಲಿಲ್ಲ. ಮಾತು ತೊದಲುತ್ತದೆ, ನಗುತ್ತಾರೆ ಅಂತ ಯಾರ ಜೊತೆಗೂ ಆಡುತ್ತಿರಲಿಲ್ಲವಂತೆ. ಅವಳ ಗಂಡ ಸಿದ್ದೇಗೌಡ್ರು ಬಾಗಿಲಲ್ಲಿ ನಿಂತು, “ಬುಡಿ ಅತ್ಗೆ, ಇವ್ಳು ಕೈ ಆಸೇನೆ ಬುಟ್ಬುಟ್ಟವ್ಳೆ” ಅಂದರು.

ಅಳುವುದಕ್ಕೆ ನನಗೆ ಬರುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುತ್ತಾ ಯೋಚನೆ ಮಾಡಿದೆ. ಇವಳು ಚೆಂಡು ಹಿಸುಕುವ ಹೆಂಗಸಲ್ಲ. ಗೆಲ್ಲುವುದಕ್ಕೆ ಏನಾದರೂ ಇದ್ದರೆ ಮಾತ್ರ ಕೈ ಎತ್ತುತ್ತಾಳೆ.

ಮನೆಗೆ ಬಂದು ಮಂಜುಳಳಿಗೆ ಹೇಳಿದೆ. ಮೊಬೈಲಿನಲ್ಲಿ ಚೌಕಾಬಾರ ಇದೆ ಅಂತ ಅವಳೇ ಒಂದು ಸಲ ತೋರಿಸಿದ್ದಳು. ನನ್ನದರಲ್ಲಿ ಹಾಕಿಕೊಟ್ಟು, ಸಿದ್ದೇಗೌಡ್ರಿಗೆ ಫೋನಿನಲ್ಲೇ ಹೇಳಿ ಅವರದರಲ್ಲೂ ಹಾಕಿಸಿದಳು. ಇಬ್ಬರೇ ಆಡುವುದು. ಇಷ್ಟು ಹೊತ್ತಿನೊಳಗೆ ಹಾಕಬೇಕು ಅನ್ನುವ ಗಡಿಯಾರ ಇಲ್ಲ. ಆಡುತ್ತಿರುವಾಗ ಆ ಕಡೆಯವರ ಮಾತೂ ಕೇಳಿಸುತ್ತದೆ. ಕವಡೆಯ ಮೇಲೆ ಬೆರಳು ಒತ್ತಿ ಮೇಲಕ್ಕೆ ತಳ್ಳಿದರೆ ಉರುಳಿಕೊಂಡು ಬೀಳುತ್ತವೆ.

“ಲೇ ಕೆಂಪಿ, ಅವ್ವನ ಕಾನೂನು ಗ್ಯಾಪ್ಕ ಅದಾ? ಎಡಗೈ ಲೆಕ್ಕುಕ್ಕಿಲ್ಲ” ಅಂದೆ.

ಆ ಕಡೆಯಿಂದ ಬಹಳ ಹೊತ್ತಿನ ಮೇಲೆ ತೊದಲು ದನಿ ಬಂತು. “ನಿನ್… ಮನೆ… ಆಳಾಗ.”

ಲಕ್ವ ಹೊಡೆದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲನೇ ಮಾತು ಅದು. ಸರಿ, ದಾರಿಗೆ ಬಂದಳು ಅಂದುಕೊಂಡೆ.

ಅವಳು ಯಾವ ಕೈಯಲ್ಲಿ ಹಾಕುತ್ತಾಳೆ ಅಂತ ನನಗೆ ಕಾಣುವುದಿಲ್ಲ. ಆದರೆ ತಿಳಿಯುತ್ತದೆ. ತಕ್ಷಣ ಬಿದ್ದರೆ ಎಡಗೈ, ಹೊತ್ತಾದರೆ ಬಲಗೈ. ಮೊದಮೊದಲು ಕದ್ದಳು. ಮೊಬೈಲಿಗೆ ನಮ್ಮವ್ವನ ಕಾನೂನು ಎಲ್ಲಿ ಗೊತ್ತು, ಯಾವ ಕೈಯಲ್ಲಿ ಹಾಕಿದರೂ ಒಪ್ಪಿಕೊಳ್ಳುತ್ತದೆ. ನಾನು ಒಪ್ಪಲಿಲ್ಲ. ಅವಳು ಗೆಲ್ಲುತ್ತಿದ್ದ ಆಟವನ್ನು ಅಲ್ಲಿಗೇ ಅಳಿಸಿ, ಮತ್ತೆ ಮೊದಲಿಂದ ಶುರು ಮಾಡು ಅಂದೆ. ಬಾಯಿಗೆ ಬಂದ ಹಾಗೆ ಬಯ್ದಳು. ಆಮೇಲೆ ಕದಿಯಲಿಲ್ಲ. ದಿನಕ್ಕೆ ಎರಡು ಆಟ ಅಂತ ಮಾತಾಯಿತು. ಊಟಕ್ಕೆ ಮುಂಚೆ ಒಂದು, ಆದಮೇಲೆ ಒಂದು.

ಹೀಗೆ ಯುಗಾದಿ ಬಂತು, ಹೋಯಿತು. ಆ ಭಾನುವಾರ ಮೊಬೈಲು ಟಿಣ್ ಅಂತ ಸದ್ದು ಮಾಡಿತು. ವಾರವಾರವೂ ಇಂಗ್ಲಿಷಿನಲ್ಲಿ ಏನೋ ಬರುತ್ತಿತ್ತು, ನಾನು ಒರೆಸಿಹಾಕುತ್ತಿದ್ದೆ. ಆವತ್ತು ಶಿವಲಿಂಗ ಪಕ್ಕದಲ್ಲೇ ಕೂತಿದ್ದವನು ಓದಿಬಿಟ್ಟ.

“ಅವ್ವೋ! ಈ ವಾರ ನಲವತ್ತೆರಡು ಗಂಟೆ ಆಟ ಆಡಿದ್ದೀಯಂತೆ!”

“ಸುಳ್ಳು ಕಣ್ಲಾ. ನಾನಾಡದು ದಿನುಕ್ಕೆ ಎರಡೇ ಆಟ.”

“ಮಿಸಿನ್ ಸುಳ್ಳೇಳುತ್ತಾ? ದಿನುಕ್ಕೆ ಆರ್ ಗಂಟೆ ಆಯ್ತದೆ. ನಮ್ ಮಾರ್ಕೆಟ್ನಲ್ಲಿ ಒಬ್ಬ ಇಂಗೇ ಮೊಬೈಲ್ನಲ್ಲಿ ಆಡ್ಕಂಡು ಆಡ್ಕಂಡು ಟೆಂಪೋ ಕಳ್ಕಂಡ. ಗೊತ್ತಾ ನಿಂಗೆ?”

“ನನ್ತಾವ ಎಲ್ಲದ್ಲಾ ಟೆಂಪೋ?”

ಮಂಜುಳ ಒಳಗೆ ಕಿಸಕ್ಕನೆ ನಕ್ಕಳು. ಅದು ಅವನಿಗೆ ಇನ್ನೂ ಸಿಟ್ಟು ತರಿಸಿತು. ಮೊಬೈಲು ಕಿತ್ತುಕೊಂಡು ಬೀರುವಿಗೆ ಹಾಕಿ, ಬೀಗದ ಕೈಯನ್ನು ಜೇಬಿಗೆ ಇಳಿಸಿಕೊಂಡ. “ವಯ್ಸಾದೋರ್ಗೂ ಚಟ ಅಂಟ್ಕತದೆ ಅಂತ ಇವತ್ತು ಗೊತ್ತಾಯ್ತು” ಅಂದು ಹೊರಟೇಹೋದ.

ನಾನು ಕೂತಲ್ಲೇ ಕೂತಿದ್ದೆ. ಬೈಗುಳ ನನಗೆ ತಾಗಲಿಲ್ಲ. ತಾಗಿದ್ದು ಆ ಲೆಕ್ಕ. ಆರು ಗಂಟೆ ಅಂದರೆ ಒಬ್ಬ ಆಳು ಗದ್ದೆಯಲ್ಲಿ ಕಳೆ ಕೀಳುವ ಹೊತ್ತು. ನಾನು ಒಂದು ಗಂಟೆ, ಬಿಟ್ಟರೆ ಒಂದೂವರೆ ಅಂದುಕೊಂಡಿದ್ದೆ. ಎರಡು ಆಟಕ್ಕೆ ಆರು ಗಂಟೆ ಎಲ್ಲಿಂದ ಬಂತು?

ಮಾರನೇ ದಿನ ಬೆಳಿಗ್ಗೆ ಹುರುಳಿಕಾಳು ಕೇರಲು ಕೂತೆ. ಕೆಲಸ ಸಾಗಲೇ ಇಲ್ಲ. ಏನೋ ಕೊರತೆ. ಮೊಬೈಲನ್ನು ಗೋಡೆಗೆ ಒರಗಿಸಿಟ್ಟಿದ್ದರೆ, ಅವಳ ಒಂದು ಕವಡೆಗೂ ಮುಂದಿನ ಕವಡೆಗೂ ನಡುವೆ ಒಂದು ಮೊರ ಕೇರಿ ಮುಗಿಸುತ್ತಿದ್ದೆ. ಸೊಪ್ಪು ಬಿಡಿಸುತ್ತಿದ್ದೆ. ಮುದ್ದೆಗೆ ಎಸರಿಟ್ಟು ಬರುತ್ತಿದ್ದೆ. ಬಂದು ನೋಡಿದರೂ ಅವಳದು ಇನ್ನೂ ಬಿದ್ದಿರುತ್ತಿರಲಿಲ್ಲ.

ಆಗ ಗೊತ್ತಾಯಿತು. ನಾನು ಆಡಿದ್ದು ಅರ್ಧ ಗಂಟೆಯೂ ಇಲ್ಲ. ಉಳಿದದ್ದೆಲ್ಲ ಕೆಂಪಿಯ ಬೆರಳಿನದು. ಅವಳ ತೋರುಬೆರಳು ತೊಡೆಯಿಂದ ಎದ್ದು, ಕವಡೆಯ ಹತ್ತಿರ ಬಂದು, ಒತ್ತಿ, ಜಾರಿ, ಮತ್ತೆ ಒತ್ತಿ, ಮೇಲಕ್ಕೆ ತಳ್ಳುವ ಹೊತ್ತು. ನಾನು ಕಾದ ಹೊತ್ತನ್ನು ಮಿಷನ್ನು ಆಟ ಅಂತ ಬರೆದುಕೊಂಡಿತ್ತು.

ಸಾಯಂಕಾಲ ಶಿವಲಿಂಗ ಬರುತ್ತಿದ್ದ ಹಾಗೇ ಅವನ ಫೋನಿಗೆ ಸಿದ್ದೇಗೌಡ್ರ ಕರೆ ಬಂತು. ಜೋರಾಗಿ ಕೇಳುವ ಹಾಗೆ ಇಟ್ಟ.

“ಅತ್ಗೆ, ಆಟುಕ್ ಯಾಕ್ ಬರ್ನಿಲ್ಲ ನೀವು? ನಿಮ್ ತಂಗಿ ಬೆಳಿಗ್ಗೆಯಿಂದ ಮೊಬೈಲ ತೊಡೆ ಮ್ಯಾಲೆ ಮಡಿಕಂಡು ಕುಂತವ್ಳೆ. ಉಣ್ಣಲ್ಲ ಅಂತಾಳೆ.”

ಹಿಂದಿನಿಂದ ಅವಳ ದನಿ ಕೇಳಿಸಿತು. “ಸೋಲ್ತಾ… ಇದ್ಳು. ಓಡೋದ್ಳು.”

ನನಗೆ ಮೈ ಉರಿದುಹೋಯಿತು. ಹಿಂದಿನ ದಿನ ಅರ್ಧಕ್ಕೆ ನಿಂತ ಆಟದಲ್ಲಿ ಗೆಲ್ಲುತ್ತಿದ್ದವಳು ನಾನು. ನನ್ನ ಎರಡು ಕಾಯಿ ಹಣ್ಣಾಗಿ ನಡುಮನೆ ಸೇರಿದ್ದವು, ಅವಳದು ಒಂದೂ ಸೇರಿರಲಿಲ್ಲ.

“ತಗೀಲಾ ಬೀರುವ!” ಅಂದೆ.

“ಅವ್ವ, ಒಂದ್ ಮಾತು ಕೇಳು…”

“ನಾನ್ ಆಮೇಲ್ ಕೇಳ್ತೀನಿ. ಮೊದ್ಲು ನೀನ್ ಇಲ್ ಕುಂತ್ಕೊ. ಆರ್ ಗಂಟೆ ಎಲ್ಲಿಂದ ಬಂತು ಅಂತ ನೋಡು. ಎದ್ದೀಯ ಅಂದ್ರೆ ಕಾಲ್ ಮುರೀತೀನಿ.”

ಅವನು ಬೀರು ತೆಗೆದ. ಆಟ ಬಿಟ್ಟಲ್ಲಿಂದಲೇ ಶುರುವಾಯಿತು. ನಾನು ಹಾಕಿದೆ, ಎರಡು ಬಿತ್ತು, ನಡೆಸಿದೆ. ಆಮೇಲೆ ಕೆಂಪಿಯ ಸರದಿ. ಮಂಜುಳ ಕಾಫಿ ತಂದುಕೊಟ್ಟಳು. ಶಿವಲಿಂಗ ಮೊಬೈಲನ್ನೇ ನೋಡುತ್ತಾ ಕೂತ. ಕವಡೆ ಬೀಳಲಿಲ್ಲ. ಲೋಟ ತಿರುಗಿಸಿದ, ಗಡ್ಡ ಕೆರೆದುಕೊಂಡ, “ನೆಟ್ವರ್ಕ್ ಓಗ್ಯದಾ?” ಅಂದ. ಓಗಿಲ್ಲ, ಸುಮ್ನಿರು ಅಂದೆ. ಸುಮ್ಮನಾದ ಮೇಲೆ ಅವನಿಗೂ ಕೇಳಿಸಿತು. ಆ ಕಡೆ ಉಸಿರು ಬಿಗಿಹಿಡಿದು ಬಿಡುವ ಸದ್ದು. ಬಳೆ ಒಂದಕ್ಕೊಂದು ತಾಗುವ ಸದ್ದು. ಹ್ಞೂಂ… ಹ್ಞೂಂ… ಅಂತ, ಭಾರದ ಮೂಟೆ ಎತ್ತುವವರ ಹಾಗೆ. ಒಂದು ಸಲ ಕವಡೆ ಅಲ್ಲಾಡಿ ನಿಂತುಬಿಟ್ಟಿತು. ಬೆರಳು ಜಾರಿರಬೇಕು. ಮತ್ತೆ ಮೊದಲಿಂದ ಉಸಿರು.

ಅವನ ಕಾಫಿ ಕೆನೆಗಟ್ಟಿತು.

ತಡೆಯಲಾರದೆ ಮೊಬೈಲಿಗೆ ಬಾಯಿಟ್ಟು, “ಚಿಕ್ಕವ್ವ, ಎಡಗೈಲಿ ಆಕ್ಬುಡೇ, ಯಾಕಂಗ್ ಒದ್ದಾಡೀಯೆ” ಅಂದ.

“ಎಡಗೈಯಾ?” ಆ ಕಡೆಯಿಂದ ತೊದಲುವ ಬಾಯಿಯಲ್ಲೇ ಗುಡುಗಿದಳು. “ನಿಮ್ಮವ್ವ… ಬುಟ್ಟಾಳೇನ್ಲಾ… ಮುಂಡೇದೇ!”

ಅದೇ ಸಿಟ್ಟಿನಲ್ಲಿ ತಳ್ಳಿದಳೋ ಏನೋ, ಕವಡೆ ಉರುಳಿ ಬಿತ್ತು. ಮೂರು. 

ಶಿವಲಿಂಗ ತಣ್ಣಗಾದ ಕಾಫಿ ಕುಡಿದು ಎದ್ದು, ನನ್ನ ಮೊಬೈಲಿಗೆ ಚಾರ್ಜರು ಸಿಕ್ಕಿಸಿದ. ಬೀಗದ ಕೈ ತಂದು ನನ್ನ ಮಡಿಲಿಗೆ ಹಾಕಿದ.

ಅಲ್ಲಿಂದ ಅವನಿಗೂ ಭಾನುವಾರದ ಲೆಕ್ಕ ಓದುವ ಚಟ ಅಂಟಿಕೊಂಡಿತು. ಬಹಳ ವಾರ ಅದು ನಲವತ್ತರ ಮೇಲೇ ನಿಂತಿತ್ತು. ಆಷಾಢದಲ್ಲಿ ಒಂದು ದಿನ ನಾನು ಆಡಿ ಮುಗಿಸಿ, ಸೊಪ್ಪಿನ ಕಟ್ಟು ಬಿಚ್ಚುವುದರೊಳಗೆ ಅವಳ ಕವಡೆ ಬಿದ್ದುಬಿಟ್ಟಿತು.

“ಲೇ ಕಳ್ಳಿ! ಎಡಗೈಲಿ ಆಕ್ದೆ ಅಲ್ವೇನೇ?”

“ಬಲಗೈ.”

“ಸುಳ್ಳು ಬೊಗುಳ್ಬೇಡ. ಅಳುಸ್ತೀನಿ ನೋಡು ಆಟಾವ.”

“ಅಳುಸ್ ನೋಡು! ಬಲಗೈ ಕಣಕ್ಕಯ್ಯ! ಏಯ್, ನೀವಾದ್ರೂ ಬಾಯ್ಬುಡಿ, ನೋಡ್ಕಂಡ್ ನಿಂತೀರಲ್ಲ!”

ಸಿದ್ದೇಗೌಡ್ರ ದನಿ ಬಂತು. “ದೇವ್ರಾಣೆ ಅತ್ಗೆ. ಬಲಗೈನೇ. ನನ್ ಕಣ್ಣಾರೆ ನೋಡ್ದೆ.”

ಸೊಪ್ಪು ಕೈಯಲ್ಲೇ ಇತ್ತು. ಆಗ ಇನ್ನೊಂದೂ ಹೊಳೆಯಿತು. ಅವಳು ಅಷ್ಟುದ್ದ ಬಯ್ದಿದ್ದಳು, ಒಂದು ಕಡೆಯೂ ತೊದಲಿರಲಿಲ್ಲ. ಹೇಳಿದರೆ ಮೆರೆಯುತ್ತಾಳೆ ಅಂತ ಹೇಳಲಿಲ್ಲ. “ಸರಿ, ನಡುಸು ಕಾಯ” ಅಂದೆ ಅಷ್ಟೇ.

ಆ ಭಾನುವಾರದ ಲೆಕ್ಕ ಮೂವತ್ತಕ್ಕೆ ಇಳಿಯಿತು. ದಸರೆ ಹೊತ್ತಿಗೆ ಇಪ್ಪತ್ತರ ಒಳಗೆ ಬಂತು. ಶಿವಲಿಂಗ ಓದಿ, “ಪರ್ವಾಗಿಲ್ಲ ಕಣವ್ವ, ಕಮ್ಮಿ ಮಾಡೀಯೆ” ಅಂತ ನನ್ನನ್ನು ಕೆಣಕಿದ.

“ಒಂದಾಟಾನೂ ಕಮ್ಮಿ ಮಾಡಿಲ್ಲ ಕಣ್ಲಾ. ಕೆಂಪಿ ಬೆರಳು ಬಂದದೆ. ಬೀರುಲಿ ಮಡಗಿದ್ಯಲ್ಲ, ಅದು ಚೆಂಡು ಕಣೋ, ಡಾಕ್ಟ್ರು ಕೊಟ್ಟ ಚೆಂಡು” ಅಂದೆ. ನಗುತ್ತಾ ತಲೆ ತಗ್ಗಿಸಿದ.

ಈ ವರ್ಷ ಯುಗಾದಿಯ ಮಾರನೇ ದಿನ, ಹೊಸ್ತೊಡಕಿಗೆ, ಕೆಂಪಿ ಗಂಡನ ಜೊತೆ ಬಸ್ಸಿನಲ್ಲೇ ಬಂದಳು. ಬಾಡೂಟ ಬಡಿಸಿದರೆ ಮೂಳೆ ಹಿಡಿದು ಚೀಪಿದಳು, ಬಲಗೈಯಲ್ಲಿ. ಉಂಡು ಕೈ ತೊಳೆದವಳೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆಯಿಸಿದಳು. ನಮ್ಮವ್ವನ ಕವಡೆ ನನ್ನ ಹತ್ತಿರ ಇದ್ದವು, ತಂದಿಟ್ಟೆ. ನೆಲದಿಂದ ಒಂದೊಂದಾಗಿ ಎತ್ತಿಕೊಂಡಳು. ಎರಡು ಜಾರಿದವು. ಯಾರೂ ಎತ್ತಿಕೊಡಲು ಬಗ್ಗಬೇಡಿ ಅಂತ ನಾನು ಕಣ್ಣು ಬಿಟ್ಟೆ. ಅವಳೇ ಎತ್ತಿಕೊಂಡಳು.

ಚೌಕಾಬಾರದಲ್ಲಿ ಎದುರಿನವರ ಒಂದು ಕಾಯನ್ನಾದರೂ ಹೊಡೆಯದೆ ನಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ. ನನ್ನ ಮೂರು ಕಾಯಿ ಹಣ್ಣಾಗಿದ್ದವು. ಅವಳು ಒಂದನ್ನೂ ಹೊಡೆಯಲಾಗದೆ ನಾಲ್ಕನ್ನೂ ಹೊರಗೇ ಸುತ್ತಿಸುತ್ತಿದ್ದಳು. ನನ್ನ ಕೊನೆಯದು ಇನ್ನೊಂದೇ ಹೆಜ್ಜೆಗೆ ಒಳಗೆ ತಿರುಗುವುದಿತ್ತು. ಅವಳು ನಾಲ್ಕು ಕವಡೆಯನ್ನೂ ಮುಷ್ಟಿಯಲ್ಲಿ ಹಿಡಿದು ಕುಲುಕಿದಳು. ಕುಲುಕುವ ಸದ್ದು ಚಿಕ್ಕಂದಿನದೇ. ಎಸೆದಳು. ನಾಲ್ಕೂ ಬೋರಲು. ಎಂಟು.

ನನ್ನ ಹುಣಸೆ ಬೀಜ ಹಾರಿ ಬಾಗಿಲಿಗೆ ಹೋಗಿ ಬಿತ್ತು. ಆಮೇಲೆ ನನಗೆ ಬೇಕಾದ್ದು ಬೀಳಲೇ ಇಲ್ಲ, ಅವಳಿಗೆ ಬಿದ್ದದ್ದೆಲ್ಲ ಬಂಗಾರ. ಗೆದ್ದಳು. ಮನೆಯವರೆಲ್ಲ ಅವಳ ಕಡೆಯೇ ಕೂಗಾಡಿದರು, ನನ್ನ ಮಗನೂ ಸೇರಿಕೊಂಡು.

ಭಾನುವಾರದ ಲೆಕ್ಕ ಈಗಲೂ ಬರುತ್ತದೆ. ಏಳೆಂಟು ಗಂಟೆಗೆ ಇಳಿದಿದೆ. ಓದಿಸಿ ಕೇಳುತ್ತೇನೆ, ಒರೆಸಿಹಾಕುವುದಿಲ್ಲ. ಮೊಬೈಲು ಯಾರ ಯಾರ ಮನೆಯಲ್ಲಿ ಏನೇನು ಮಾಡಿದೆಯೋ ನನಗೆ ಗೊತ್ತಿಲ್ಲ. ನಾನು ಕಾದದ್ದಂತೂ ದಂಡವಾಗಲಿಲ್ಲ.

ಆವತ್ತು ಹೊರಡುವಾಗ ಕೆಂಪಿ ಕವಡೆಯನ್ನು ನನ್ನ ಕೈಗೆ ಸುರಿದು, “ನಿನ್ನ ಸೋಲ್ಸಕ್ಕೆ ಇನ್ಮ್ಯಾಲೆ ಎಡಗೈ ಸಾಕು ಕಣಕ್ಕಯ್ಯ, ಆಡ್ಲಾ?” ಅಂದಳು.

“ಮುಚ್ಕಂಡ್ ಬಲಗೈಲಾಡು” ಅಂದೆ.