ಬಾವಿಗೆ ಅಡ್ಡ ಬಂದ ಮೂಳೆ

ದನದ ದಲ್ಲಾಳಿಯಾಗಿ ಬದುಕು ಕಟ್ಟಿಕೊಂಡವನು ನಾನು. ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ, ಎಲ್ಲಿ ದನದ ಸಂತೆ ಕೂಡಿದರೂ ಟವೆಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಹೇಳಿ ವ್ಯಾಪಾರ ಕುದುರಿಸಿದ್ದೇನೆ. ಆ ದುಡಿಮೆಯಲ್ಲೇ ಹಳೇಕೋಟೆಯ ಹತ್ತಿರ ಒಂದಿಷ್ಟು ಹೊಲ ಮಾಡಿದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊಲದಲ್ಲೇ ಮನೆ ಎದ್ದಿತು, ನೀರೊಂದು ಇರಲಿಲ್ಲ. ನನಗಿನ್ನೂ ಮದುವೆಯಾಗಿರಲಿಲ್ಲ. ನಾನು ಸಂತೆ ಸಂತೆ ಅಲೆಯುವವನು. ಕೆರೆಯಿಂದ ನೀರು ಹೊತ್ತು ಹೊತ್ತು ಅವ್ವನ ಸೊಂಟ ಹೋಗಿತ್ತು. ಅವಳ ಸಲುವಾಗಿಯೇ ಆ ಬೇಸಿಗೆ ಬಾವಿ ತೋಡಿಸಲು ಹಿಡಿದೆ.

ಎರಡಾಳು ಆಳಕ್ಕೆ ಬೂದು ಜೇಡಿಮಣ್ಣು ಸಿಕ್ಕಿತು. ಜೇಡಿಯೊಳಗಿಂದ ಒಂದು ಮೂಳೆ ಬಂತು. ಆಕಾರ ಥೇಟು ಮನುಷ್ಯನ ತೊಡೆಮೂಳೆ, ಮೇಲೆ ಗುಂಡು, ಕೆಳಗೆ ಮಂಡಿಯ ಗಂಟು. ಆದರೆ ನೆಲಕ್ಕೂರಿ ನಿಲ್ಲಿಸಿದರೆ ನನ್ನ ಸೊಂಟ ದಾಟುತ್ತಿತ್ತು.

ಬಾವಿ ತೋಡುತ್ತಿದ್ದ ಮೇಸ್ತ್ರಿ ಹಗ್ಗ ಹಿಡಿದು ಮೇಲೆ ಬಂದವನು ಮತ್ತೆ ಇಳಿಯಲಿಲ್ಲ.

“ರಾಕ್ಷಸನ ತೊಡೆ ಕಣಣ್ಣ ಇದು. ಊರೂರೇ ತಿಂದು ಮಲಗವ್ನೆ. ನಾ ಇಳಿಯಾಕಿಲ್ಲ.”

“ಸತ್ತೋನು ಏನ್ಲಾ ಮಾಡಾನು?”

“ಏನೂ ಮಾಡಾಕಿಲ್ಲ ಅಂದ್ರೆ ನೀನೇ ಇಳಿ ಮತ್ತೆ!”

ಅವನನ್ನು ಹೇಗೋ ಒಪ್ಪಿಸಬಹುದಿತ್ತು. ಅವ್ವನನ್ನು ಒಪ್ಪಿಸುವುದು ಕಷ್ಟ. “ಮನ್ಸರನ್ನ ತಿಂದ ಮೈ ಕರಗಿರೋ ನೀರು, ನಾ ಬಾಯಿಗೆ ಆಕ್ಕೊಳಾಕಿಲ್ಲ. ಮುಚ್ಚುಸ್ಬುಡು ಮಗಾ. ಕೆರೆ ಎಲ್ಲೂ ಓಗಿಲ್ವಲ್ಲ,” ಎಂದವಳೇ ಬಿಂದಿಗೆ ಎತ್ತಿಕೊಂಡು ಹೊರಟಳು.

ಬಾವಿ ಮುಚ್ಚಿಸುವುದೆಂದರೆ ಅವಳು ಸಾಯುವ ತನಕ ಹೊರುವುದೆಂದು ಅರ್ಥ. ಇಂಥ ಹೊತ್ತಿನಲ್ಲಿ ಹಟ ಮಾಡಬಾರದು, ತಿಳಿದವರನ್ನು ಹುಡುಕಬೇಕು. ಹಾಸನದ ಕಾಲೇಜಿನ ಮೇಷ್ಟ್ರೊಬ್ಬರಿಗೆ ದುದ್ದದ ಕಡೆಯ ಒಳ್ಳೆ ಕರೆಯುವ ಹಸು ಕೊಡಿಸಿದ್ದೆ. ಕಲ್ಲು ಮಣ್ಣಿನ ಶಾಸ್ತ್ರ ಓದಿದವರು. ಮೂಳೆಯನ್ನು ಗೋಣಿತಾಟಿನಲ್ಲಿ ಸುತ್ತಿ ಬಸ್ಸು ಹತ್ತಿದೆ. “ಯಾವೂರು ಅನುಮಂತರಾಯನ ಗದೆ ಅಣ್ಣಾ? ಅದ್ಕೂ ಟಿಕೀಟು ತಗೋ,” ಎಂದ ಕಂಡಕ್ಟರು. ದೇವರ ಗದೆಗೆ ಟಿಕೀಟು ಕೇಳ್ತೀಯೇನಯ್ಯಾ ಎಂದು ಬಾಯಿ ಮುಚ್ಚಿಸಿದೆ.

ಮೇಷ್ಟ್ರು ಗೋಣಿ ಬಿಚ್ಚಿ ಮೂಳೆಯನ್ನು ಗೇಣು ಹಾಕಿ ಅಳೆದರು. ಆಮೇಲೆ ಒಳಗಿನಿಂದ ಚಿತ್ರದ ಪುಸ್ತಕ ತಂದು ಹರಡಿದರು. ಅದರಲ್ಲಿ ತೆಂಗಿನ ಮರದಷ್ಟು ಕತ್ತಿನ, ಓತಿಕ್ಯಾತದ ತಲೆಯ ಪ್ರಾಣಿಗಳು. ಡೈನೋಸಾರ್ ಎಂಬ ಮಾತು ನಾನು ಕೇಳಿದ್ದು ಆವತ್ತೇ ಮೊದಲು. ಕುಂಪಣಿ ಕಾಲದಲ್ಲೇ ಜಬಲ್‌ಪುರದ ಹತ್ತಿರ, ಕಲ್ಲಾದ ಮರದ ತುಂಡು ಹುಡುಕುತ್ತಿದ್ದ ದಂಡಿನ ಅಧಿಕಾರಿಯೊಬ್ಬನಿಗೆ ಇವುಗಳ ಮೂಳೆ ಸಿಕ್ಕಿತಂತೆ. ಮೂಳೆಯೂ ಕಲ್ಲೇ ಆಗಿತ್ತಂತೆ. ಹೊಳೆ ಉಕ್ಕಿ ಹೆಣದ ಮೇಲೆ ಹೂಳು ಕೂತು, ಹೂಳಿನ ಮೇಲೆ ಹೂಳು ಕೂತು ಹಾಗಾಗುತ್ತದೆ ಎಂದರು. ಅವು ಮೊಟ್ಟೆ ಇಡುತ್ತಿದ್ದವು, ಕೆರೆಯಲ್ಲಿ ಮೈ ಮುಳುಗಿಸಿ ನಿಂತು ಕತ್ತು ಚಾಚಿ ಸೊಪ್ಪು ಮೇಯುತ್ತಿದ್ದವು ಎಂದರು.

“ಅಷ್ಟು ತೂಕದ ಜೀವ ಕೆಸರಿಗಿಳಿದ್ರೆ ಊತ್ಕೊಳಾಕಿಲ್ವಾ ಸಾ?” ಎಂದೆ.

“ಅದನ್ನ ಪುಸ್ತಕ ಬರೆದವರನ್ನೇ ಕೇಳಬೇಕು ಕಣ್ರೀ,” ಎಂದು ನಕ್ಕರು. ಈಗಿನವರು ಅವು ಒಣನೆಲದಲ್ಲೇ ಓಡಾಡುತ್ತಿದ್ದವು ಅನ್ನುತ್ತಾರೆ. ಇರಬಹುದು.

“ಅಲ್ಲು ಎಂಗಿದ್ವು?” ಹಲ್ಲು ನೋಡಿ ದನದ ವಯಸ್ಸು ಹೇಳುವ ದಲ್ಲಾಳಿಯ ಬಾಯಿಗೆ ಮೊದಲು ಬರುವ ಪ್ರಶ್ನೆ ಅದೇ.

ಮೇಷ್ಟ್ರು ನೆಟ್ಟಗೆ ಕೂತರು. ಸೊಪ್ಪು ತಿನ್ನುವ ಆ ದೊಡ್ಡವಕ್ಕೆ ಗೂಟದಂಥ ಹಲ್ಲು. ಎಲೆ ಸೆಳೆದು ಅಗಿಯದೆ ನುಂಗುತ್ತಿದ್ದವು. ಮಾಂಸ ತಿನ್ನುವವಕ್ಕೆ ಚೂರಿಯಂಥ ಹಲ್ಲು. “ನಮ್ಮ ಸೀಮೆಯ ಬಂಡೆ ಅವಕ್ಕಿಂತ ಎಷ್ಟೋ ಹಳೆಯದು, ಅದರೊಳಗೆ ಅವು ಸಿಗೋದಿಲ್ಲ. ಜೇಡಿಯಲ್ಲಿ ಸಿಕ್ಕಿದ್ದು ಆನೆಯೇ ಇರಬೇಕು. ಆದರೂ ಹಲ್ಲು ಸಿಕ್ಕರೆ ಖಾತ್ರಿ ಹೇಳ್ತೀನಿ,” ಎಂದು ಮಾರನೆಯ ದಿನ ನನ್ನ ಜೊತೆಗೇ ಬಂದರು. ಡೈನೋಸಾರ್ ಆಗಿರಲಿ ಅನ್ನುವ ಆಸೆ ಅವರ ಮುಖದಲ್ಲಿ ಕಾಣುತ್ತಿತ್ತು. ನನಗೆ ಯಾವುದಾದರೂ ಸರಿ, ಮಾಂಸ ತಿನ್ನದಿದ್ದರೆ ಸಾಕಿತ್ತು.

ಇದು ಮೇವು ತಿನ್ನೋ ಜೀವ, ಪುಸ್ತಕದಲ್ಲೂ ಅಂಥವು ಇವೆ ಎಂದು ಅವ್ವನಿಗೆ ವಿವರಿಸಿದೆ.

“ಪುಸ್ತಕ ಬರ್ದೋರು ಇದ್ರ ಬಾಯಿ ನೋಡಿದ್ರಾ?” ಎಂದಳು. “ಅಲ್ಲು ನೋಡ್ದೆ ಎತ್ತು ತತ್ತೀಯಾ ನೀನು? ಬಾಯಿ ತೋರ್ಸು ಮೊದ್ಲು.”

ಇಳಿಯುವವರು ಯಾರೂ ಇಲ್ಲ. ನಾನೇ ಇಳಿದೆ. ಜೇಡಿಯೊಳಗೆ ಕೈಯಾಡಿಸುತ್ತ ಹೋದಾಗ ಬೆರಳಿಗೆ ಉದ್ದನೆಯದೊಂದು ತಾಗಿತು. ಎಳೆದೆ. ಬಾಗಿದ್ದು, ತುದಿ ಚೂಪು. ಮಣ್ಣು ಒರೆಸಿ ಬೆಳಕಿಗೆ ಹಿಡಿದೆ. ಮೇಲಿನಿಂದ ಬಗ್ಗಿ ನೋಡುತ್ತಿದ್ದ ಮೇಸ್ತ್ರಿ ಕಿರುಚಿದ:

“ಕೋರೆ! ಕೋರೆಹಲ್ಲು! ನಾ ಏಳ್ಳಿಲ್ವಾ!”

“ಅದು ದಂತ ಕಣಯ್ಯಾ, ಹಲ್ಲು ಅದರ ಹಿಂದಿರುತ್ತೆ, ಬಗೀರಿ!” ಎಂದರು ಮೇಷ್ಟ್ರು.

ಮಾತು ಯಾರಿಗೆ ಬೇಕಿತ್ತು? ಅವ್ವನೂ ಬಾವಿಯ ಅಂಚಿಗೆ ಬಂದು ಬಗ್ಗಿದ್ದಳು. ಉಗುರು ಕಿತ್ತು ಬರುವ ಹಾಗೆ ಬಗೆದೆ. ಕೊನೆಗೆ ಇಟ್ಟಿಗೆಯಷ್ಟು ದಪ್ಪನೆಯದೊಂದು ಬಂತು. ಅದನ್ನು ಬುಟ್ಟಿಗೆ ಹಾಕಿ ಮೇಲೆ ಕಳಿಸಿ, ನಾನೂ ಹತ್ತಿದೆ.

ಅವ್ವ ಅದನ್ನು ಯಾರ ಕೈಗೂ ಕೊಡಲಿಲ್ಲ. ಕೆರೆಯಿಂದ ತಾನೇ ಹೊತ್ತು ತಂದಿದ್ದ ನೀರು ಸುರಿದು ತೊಳೆದಳು. ಮಣ್ಣು ಹೋದಂತೆ ಸಾಲು ಸಾಲು ಏಣು ಕಂಡವು. ಅಂಗೈಯಿಂದ ಸವರಿದಳು.

“ಉಳಿ ಆಕ್ಸಿದ ಬೀಸೋ ಕಲ್ಲಿದ್ದಂಗೈತೆ.”

“ಆನೇದೇ ಕಣಮ್ಮ,” ಎಂದರು ಮೇಷ್ಟ್ರು. ದನಿಯಲ್ಲಿ ಆಸೆ ಇಳಿದಿತ್ತು, ಆದರೂ ನಗುತ್ತಿದ್ದರು. “ಯಾವ ಕಾಲದ್ದೋ. ಇಲ್ಲಿ ಕೆರೆಯೋ ಕೆಸರೋ ಇದ್ದಿರಬೇಕು.”

“ಮೇವು ಅರೆಯೋ ಬಾಯಿ ಸ್ವಾಮಿ ಇದು,” ಎಂದಳು ಅವ್ವ. “ನೀರ್ಗೆ ಬಂದು ಸಿಕ್ಕಾಕ್ಕಂಡೈತೆ, ಪಾಪ. ಲೇ ಮಗಾ, ಎತ್ತಿಗೆ ಮಾಡ್ದಂಗೆ ಮಾಡು.”

ನನ್ನ ಅರ್ಧ ಜೀವ ಆಗಲೇ ಬಂತು. ಉತ್ತ ಎತ್ತು ಸತ್ತರೆ ನಮ್ಮ ಕಡೆ ಅರಿಶಿನ ಕುಂಕುಮ ಇಟ್ಟು ಹೊಲದಲ್ಲೇ ಮಣ್ಣು ಮಾಡುತ್ತೇವೆ. ಅಂಥ ನೆಲಕ್ಕೆ ಮೈಲಿಗೆ ಇಲ್ಲ. ಆದರೆ ಮೇಷ್ಟ್ರಿಗೆ ಕಾಲೇಜಿಗೆ ಮೂಳೆ ಬೇಕು, ಅವ್ವನಿಗೆ ಒಂದು ಚೂರೂ ಹೊರಗೆ ಹೋಗಕೂಡದು. ಇಬ್ಬರ ನಡುವೆ ನಾನು ಇದ್ದೇನಲ್ಲ! ಹಲ್ಲು ಮೇಷ್ಟ್ರಿಗೆ, ಮಿಕ್ಕದ್ದೆಲ್ಲ ಮಣ್ಣಿಗೆ ಎಂದು ತೀರ್ಮಾನವಾಯಿತು. ಹಲ್ಲಿಗೂ ಅರಿಶಿನ ಹಚ್ಚಿಯೇ ಅವ್ವ ಕೊಟ್ಟಳು. ನೀವೂ ನೆನಪಿಡಿ: ಇಬ್ಬರಿಗೂ ಒಂದಿಷ್ಟು ಬಿಟ್ಟುಕೊಡದ ವ್ಯಾಪಾರ ನಿಲ್ಲುವುದಿಲ್ಲ.

ಸಂಜೆಯೊಳಗೆ ಮೂಳೆಗಳನ್ನು ಹೊಲದ ಮೂಲೆಯಲ್ಲಿ ಮಣ್ಣು ಮಾಡಿದೆವು. ಮರುದಿನ ಮೇಸ್ತ್ರಿ ಮೀನಮೇಷ ಎಣಿಸುತ್ತ ನಿಂತಿದ್ದ. “ಇಳಿಯೋ ಲೇ, ಆನೆ ಬಿದ್ದ ತಾವು ನೀರಿಲ್ದೆ ಇದ್ದಾತಾ?” ಎಂದು ಬಾವಿಯ ಅಂಚಿನಲ್ಲಿ ನಿಂತು ಗದರಿಸಿದವಳು ಅವ್ವನೇ.

ಇನ್ನೊಂದು ಆಳು ಇಳಿಯುವುದರೊಳಗೆ ಜೇಡಿ ಮುಗಿದು ಗರಸು ಬಂತು, ಗರಸಿನ ಸಂದಿಯಿಂದ ನೀರು ಒಸರಿತು. ತಿಳಿಯಾಗಲು ಬಿಟ್ಟು ಒಂದು ಚೊಂಬು ಸೇದಿಸಿದೆ. ಅವ್ವ ಬಾಯಿಗೆ ಎತ್ತಿದಳು. ನಿಧಾನವಾಗಿ, ಪೂರ್ತಿ ಕುಡಿದಳು.

“ಸೀ ಐತೆ ಕಣ್ಲಾ,” ಎಂದಳು.

ತೋಡಿ ಹಾಕಿದ್ದ ಮಣ್ಣಿನ ಗುಡ್ಡೆಯ ಮೇಲೆ ನಾನು ಕೂತೆ. ಅವಳು ಚೊಂಬನ್ನು ಮತ್ತೆ ಚಾಚಿ, ಇನ್ನೊಂದಿಷ್ಟು ಕೇಳಿದಳು.