ಹಸಿರು ತೋರಿಸಿದರೂ ಓಡದ ಹುಡುಗಿ

ಎರಡು ವರ್ಷಗಳ ಹಿಂದಿನ ಮಾತು. ಆಹಾರ ಮತ್ತು ಪೋಷಣೆಯಲ್ಲಿ ಎಂ.ಎಸ್ಸಿ. ಮುಗಿಸಿದ್ದ ನಾನು ವಿಜಯನಗರದಲ್ಲಿ ಮಕ್ಕಳ ಬರ್ತ್‌ಡೇ ಪಾರ್ಟಿ ನಡೆಸಿಕೊಡುವ ಕೆಲಸ ಆರಂಭಿಸಿದ್ದೆ. ತಿಂಡಿ, ಆಟ ಎರಡೂ ನನ್ನದೇ ಹೊಣೆ. ಬಸವೇಶ್ವರನಗರದ ಒಬ್ಬ ತಾಯಿ ಫೋನ್ ಮಾಡಿದರು. ಅವರನ್ನು ಇಲ್ಲಿ ಶೈಲಜಾ ಎಂದು ಕರೆಯುತ್ತೇನೆ. ಮಗನಿಗೆ ಆರು ತುಂಬುತ್ತದೆ, ಕಾರುಗಳ ಹುಚ್ಚು, ಎಲ್ಲವೂ ಕಾರಿನದೇ ಆಗಿರಬೇಕು ಎಂದರು.

ಪಾರ್ಟಿ ಅವರ ಕಟ್ಟಡದ ಕೆಳಗಿನ ಪಾರ್ಕಿಂಗ್‌ನಲ್ಲಿ. ನಿಜವಾದ ಕಾರುಗಳನ್ನು ರಸ್ತೆಗೆ ಕಳಿಸಿ, ನೆಲದ ಮೇಲೆ ಬಿಳಿ ಟೇಪಿನ ರಸ್ತೆ ಹಾಕಿದೆ. ಚಪಾತಿ ರೋಲಿಗೆ ಸೌತೆಕಾಯಿ ಚಕ್ರ ಸಿಕ್ಕಿಸಿದರೆ ಕಾರು. ಕೋಡುಬಳೆ ಟೈರು, ಮದ್ದೂರು ವಡೆ ಸ್ಟೆಪ್ನಿ. ರಟ್ಟಿನ ಪೆಟ್ರೋಲ್ ಬಂಕಿನೊಳಗೆ ನಲ್ಲಿಯಿದ್ದ ಡಬ್ಬಿ, ಅದರಲ್ಲಿ ದ್ರಾಕ್ಷಿ ಜ್ಯೂಸ್.

ಬರುವ ಮಕ್ಕಳಲ್ಲಿ ಯಾರಿಗೆ ಏನು ಆಗದು ಎಂದು ಮೊದಲೇ ವಿಚಾರಿಸುವುದು ನನ್ನ ಪದ್ಧತಿ. ಏಳು ವರ್ಷದ ಸಮನ್ವಿಗೆ ಟೈಪ್ 1 ಡಯಾಬಿಟಿಸ್ ಇತ್ತು. ಅಂದರೆ ಅವಳ ದೇಹ ಇನ್ಸುಲಿನ್ ತಯಾರಿಸುವುದಿಲ್ಲ. ತಿನ್ನುವ ಮುಂಚೆ ಇಂಜೆಕ್ಷನ್ ಕೊಡಬೇಕು. ಕೊಟ್ಟ ಮೇಲೆ ತಿನ್ನದಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ತಿಂಡಿ ಎಷ್ಟು ಹೊತ್ತಿಗೆ ಎಂದು ಅವಳ ತಾಯಿ ಕೇಳಿದ್ದರು. ಐದೂವರೆಗೆ ಎಂದಿದ್ದೆ. ಯಾಕೆ ತಡವಾಗಬಾರದು ಎಂದು ಶೈಲಜಾಗೂ ವಿವರಿಸಿದ್ದೆ. ಅವರು ಒಪ್ಪಿದ್ದರು.

ಸಮನ್ವಿಯನ್ನು ಕರೆತಂದವರು ಅವಳ ಅಜ್ಜಿ. ಐದೂವರೆಗೆ ಮಕ್ಕಳನ್ನು ಸಾಲಾಗಿ ಕೂರಿಸಿ, ತಿಂಡಿ ಬರುತ್ತಿದೆ ಎಂದು ಹೇಳಿದೆ. ಅಷ್ಟರಲ್ಲಿ ಶೈಲಜಾ ತಡೆದರು. ಅವರ ಅಣ್ಣನ ಕಾರು ಸುಮನಹಳ್ಳಿ ಜಂಕ್ಷನ್‌ನಲ್ಲಿ ಸಿಕ್ಕಿಕೊಂಡಿತ್ತು. ಸೋದರಮಾವ ಬಂದೇ ಕೇಕ್ ಕತ್ತರಿಸಬೇಕು, ಅಲ್ಲಿಯವರೆಗೆ ಟೇಬಲ್ ಮುಟ್ಟುವಂತಿಲ್ಲ. ಮಕ್ಕಳಿಗಾದರೂ ಕೊಡೋಣ, ಸಮನ್ವಿಯ ವಿಷಯ ಗೊತ್ತಲ್ಲ ಎಂದೆ.

"ಟೇಬಲ್ ವಿಡಿಯೋನೇ ಆಗಿಲ್ಲ ಕಣ್ರೀ. ಒಂದು ಮಗುಗೋಸ್ಕರ ಎಲ್ಲಾ ಕೆಡಿಸೋಕಾಗುತ್ತಾ? ನೀವು ಗೇಮ್ಸ್ ಆಡಿಸ್ತಾ ಇರಿ."

ತಡವಾಗುತ್ತದೆ ಎಂದು ಅಜ್ಜಿಗೆ ಹೇಳಲು ಹುಡುಕಿದೆ, ಅವರು ಕಾಣಲಿಲ್ಲ. ತಟ್ಟೆ ಕೈಗೆ ಬರದೆ ಇಂಜೆಕ್ಷನ್ ಕೊಟ್ಟಿರಲಾರರು ಎಂದುಕೊಂಡು ಟ್ರಾಫಿಕ್ ಆಟ ಶುರು ಮಾಡಿದೆ. ಪ್ರತಿ ಮಗುವಿನ ಕೈಯಲ್ಲಿ ಪೇಪರ್ ಪ್ಲೇಟಿನ ಸ್ಟೀರಿಂಗ್. ಕೆಂಪು ಹಲಗೆ ತೋರಿಸಿದರೆ ಕಲ್ಲಿನಂತೆ ನಿಲ್ಲಬೇಕು, ಹಸಿರಿಗೆ ಓಡಬೇಕು. ಮಕ್ಕಳು ಹಸಿವು ಮರೆತು ಅರ್ಧ ಗಂಟೆ ಓಡಿದರು. ಕೆಂಪು ತೋರಿಸಿದೆ, ಎಲ್ಲರೂ ನಿಂತರು. ಹಸಿರು ತೋರಿಸಿದೆ. ಸಮನ್ವಿ ಮಾತ್ರ ನಿಂತೇ ಇದ್ದಳು.

"ಆಂಟೀ, ಇವಳ ಗಾಡಿ ಆಫ್ ಆಗೋಗಿದೆ," ಎಂದ ಒಬ್ಬ ಹುಡುಗ. ದೊಡ್ಡವರೂ ನಕ್ಕರು.

ಹತ್ತಿರ ಹೋದಾಗ ಅವಳ ಕೈಯಲ್ಲಿ ಪ್ಲೇಟು ನಡುಗುತ್ತಿತ್ತು. ಮುಖ ಬಿಳಚಿ, ಹಣೆಯೆಲ್ಲ ಬೆವರು. ಅಜ್ಜಿ ಇಂಜೆಕ್ಷನ್ ಕೊಟ್ಟರಾ ಎಂದು ಕೇಳಿದೆ. ತಡವಾಗಿ ಹೌದೆಂದು ತಲೆಯಾಡಿಸಿದಳು. ಅವಳನ್ನು ಎತ್ತಿಕೊಂಡು ಟೇಬಲ್‌ಗೆ ಓಡಿ, ಬಂಕಿನ ರಟ್ಟು ಹರಿದು ಲೋಟಕ್ಕೆ ಜ್ಯೂಸ್ ಹಿಡಿದೆ.

"ಮೇಡಂ, ಫ್ರೇಮ್‌ಗೆ ಅಡ್ಡ ಬರ್ತಾ ಇದೀರ," ಎಂದರು ವಿಡಿಯೋ ತೆಗೆಯುವವರು.

ಪ್ರಜ್ಞೆಯಿತ್ತು, ನುಂಗುತ್ತಿದ್ದಳು, ಹಾಗಾಗಿ ಗುಟುಕು ಗುಟುಕಾಗಿ ಕುಡಿಸಿದೆ. ಅಜ್ಜಿ ಮೆಟ್ಟಿಲಿಳಿದು ಬಂದದ್ದು ಆಗಲೇ, ಬರಿಗೈಯಲ್ಲಿ. ತಿಂಡಿ ಬರುತ್ತಿದೆ ಎಂದ ಕೂಡಲೇ ಅವರು ಇಂಜೆಕ್ಷನ್ ಕೊಟ್ಟಿದ್ದರು. ಅದಾದ ಮೇಲೆ, ಬ್ಯಾಗುಗಳು ವಿಡಿಯೋದಲ್ಲಿ ಕಾಣಬಾರದೆಂದು ಶೈಲಜಾ ಎಲ್ಲರ ಬ್ಯಾಗನ್ನೂ ಮೂರನೇ ಮಹಡಿಯ ತಮ್ಮ ಮನೆಗೆ ಸಾಗಿಸಿ ಬೀಗ ಹಾಕಿಸಿದ್ದರು, ಗ್ಲೂಕೋಸ್ ಅಜ್ಜಿಯ ಬ್ಯಾಗಿನಲ್ಲಿತ್ತು. ಅಜ್ಜಿ ಶೈಲಜಾ ಬಳಿ ಒಂದು ಚಪಾತಿ ಕೇಳಿದ್ದಾರೆ, ಆಮೇಲೆ ಬೀಗದ ಕೈ ಕೇಳಿದ್ದಾರೆ. ಎರಡಕ್ಕೂ ಸಿಕ್ಕ ಉತ್ತರ, ಇನ್ನೈದು ನಿಮಿಷ ಆಂಟಿ. ಮೇಲೆ ಯಾರಾದರೂ ಇರಬಹುದೆಂದು ಹತ್ತಿಹೋಗಿ ಬೀಗ ಹಾಕಿದ ಬಾಗಿಲು ತಟ್ಟುತ್ತಿದ್ದರಂತೆ.

ಶೈಲಜಾ ಬಂದವರೇ ಆಡಿದ ಮೊದಲ ಮಾತು: "ಅಯ್ಯೋ, ಬಂಕ್ ಹರಿದುಬಿಟ್ರಲ್ರೀ."

ದನಿ ಏರಿಸಿ ಮಾತಾಡುವ ಅಭ್ಯಾಸ ನನಗಿಲ್ಲ. ಆಗಲೂ ಏರಿಸಲಿಲ್ಲ. "ಈ ಮಗು ಬಿದ್ದುಹೋಗಿದ್ರೆ ಅದನ್ನೂ ವಿಡಿಯೋ ಮಾಡಿಸ್ತಿದ್ರಾ?" ಎಂದೆ. ಉತ್ತರಕ್ಕೆ ಕಾಯದೆ ಪಾತ್ರೆಗಳ ಮುಚ್ಚಳವನ್ನೆಲ್ಲ ತೆಗೆದು ಮಕ್ಕಳಿಗೆ ಬಡಿಸಿದೆ. ಸಮನ್ವಿ ಚೇತರಿಸಿಕೊಂಡು, ಚಪಾತಿ ಕಾರಿನ ಚಕ್ರಗಳನ್ನು ಮೊದಲು ಕಿತ್ತು ತಿಂದಳು.

ಅಣ್ಣ ಬಂದಾಗ ಟೇಬಲ್ ಖಾಲಿಯಾಗಿತ್ತು. ವಿಷಯ ತಿಳಿದು ತಂಗಿಗೆ ಹೇಳಿದರು: "ನಾನ್ಯಾವಾಗ ಕಾಯಿ ಅಂದೆ? ಮಕ್ಕಳನ್ನ ಉಪವಾಸ ಕೂರ್ಸಿ ನನಗೆ ಮರ್ಯಾದೆ ಮಾಡೋದಾ?" ಯಾರಿಗೋಸ್ಕರ ಇಷ್ಟೆಲ್ಲ ನಡೆಯಿತೋ, ಅವರು ಅದನ್ನು ಕೇಳಿಯೇ ಇರಲಿಲ್ಲ.

ನನ್ನ ಸಿಟ್ಟು ಇಂದಿಗೂ ಆರದಿರುವುದು ಕೊನೆಯ ಕ್ಷಣಕ್ಕೆ. ಹೊರಡುವಾಗ ಅಜ್ಜಿ, ಮೊಮ್ಮಗಳ ಕೈ ಹಿಡಿದು, ಶೈಲಜಾ ಮುಂದೆ ನಿಂತರು. "ತಪ್ಪು ತಿಳ್ಕೋಬೇಡಮ್ಮ, ನಮ್ಮಿಂದ ನಿಮ್ಮ ಫಂಕ್ಷನ್ ಕೆಡ್ತು."

"ಪರವಾಗಿಲ್ಲ ಬಿಡಿ ಆಂಟಿ," ಎಂದರು ಶೈಲಜಾ. ಕ್ಷಮಿಸಿಬಿಟ್ಟರು.

ಈಗ ಯಾರೇ ಬುಕಿಂಗಿಗೆ ಫೋನ್ ಮಾಡಿದರೂ ನಾನು ಮೊದಲು ಹೇಳುವುದು ಇದನ್ನೇ: ಹೇಳಿದ ಹೊತ್ತಿಗೆ ಮಕ್ಕಳು ತಿನ್ನುತ್ತಾರೆ. ಕೇಕ್, ಕ್ಯಾಮೆರಾ, ಮಾವ ಎಲ್ಲ ಆಮೇಲೆ. ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕೆಲವರು ಫೋನ್ ಇಡುತ್ತಾರೆ. ನೋಡಿಕೊಳ್ಳಲಿ. ಮಕ್ಕಳ ಪಾರ್ಟಿಯಲ್ಲಿ ಕಾಯಬೇಕಾದವರು ದೊಡ್ಡವರು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಕ್ಷಮೆ ಕೇಳಬೇಕಾದವರೂ ಅವರೇ.